ಮೂರು ಫೇಸಿನ ಬೋರ್ಡಿಗೆ ಹೆಸರು, ನಂಬರು: ಶಹಾಪುರದ ಹತ್ತಿ ಗಿರಣಿಯಲ್ಲಿ ಕಂಡದ್ದು



ಚೀಲಕ್ಕೆ ಮಾರ್ಕು ಹಾಕದೆ ಮಂಡಿಗೆ ಅಡಿಕೆ ತರುವ ಸದಸ್ಯರು ನಮ್ಮಲ್ಲಿ ಯಾರೂ ಇಲ್ಲ. ತಂದರೂ ನಮ್ಮ ಗುಮಾಸ್ತರು ಒಳಗೆ ಬಿಡುವುದಿಲ್ಲ. ಲಾಟ್ ನಂಬರು ಇಲ್ಲದ ಚೀಲ ಯಾರದ್ದೂ ಅಲ್ಲ, ಅದಕ್ಕೆ ದರ ಹಾಕುವವರೂ ಇಲ್ಲ. ಕಾಫಿಯಲ್ಲಿಯೂ ಹಾಗೆಯೇ. 1996ರಲ್ಲಿ ಎಲ್ಲ ಬೆಳೆಗಾರರಿಗೂ ಮುಕ್ತ ಮಾರಾಟ ಬರುವವರೆಗೆ ಪೂಲಿಗೆ ಕಾಫಿ ಹಾಕಿದ ಹಿರಿಯರಿಗೆ, ತಗಡಿನ ಅಚ್ಚು ಇಟ್ಟು ಕಪ್ಪು ಬಣ್ಣ ಬಳಿದು ಚೀಲಕ್ಕೆ ಗುರುತು ಮಾಡುತ್ತಿದ್ದುದು ಈಗಲೂ ನೆನಪಿರುತ್ತದೆ. ಚೀಲದ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಾಗಿರುವ ತೋಟಗಳಲ್ಲಿ ಪಲ್ಪರ್ ಮನೆಯ ಗೋಡೆಯ ಮೇಲಿರುವ ವಿದ್ಯುತ್ ಬೋರ್ಡಿನ ಬಾಗಿಲು ತೆರೆದು ನೋಡಿದರೆ ಕಾಣುವುದೇನು? ಹನ್ನೆರಡು ಎಂ.ಸಿ.ಬಿ.ಗಳು, ಹನ್ನೆರಡೂ ಒಂದೇ ಬಣ್ಣ, ಒಂದೇ ಮುಖ. ಒಂದರ ಕೆಳಗೆ ಪೆನ್ಸಿಲಿನಲ್ಲಿ ಬರೆದು ಅಳಿಸಿಹೋದ ಗೀಟು. ಇನ್ನೊಂದರ ಮೇಲೆ ವೈರಿಂಗ್ ಮಾಡಿದವರ ಫೋನ್ ನಂಬರು. ಎಲ್ಲಿಗೆ ಯಾವುದೆಂದು ಕೇಳಿದರೆ, 'ಅದು ನಮ್ಮ ಮೇಸ್ತ್ರಿಗೆ ಗೊತ್ತು' ಎಂಬ ಉತ್ತರ. ಮೇಸ್ತ್ರಿ ಊರಿಗೆ ಹೋದ ದಿನ?

ಕಾಫಿ ಬೋರ್ಡಿನ ಬಗ್ಗೆ ಈ ಪತ್ರಿಕೆಯಲ್ಲಿ ಎಷ್ಟೋ ಸಲ ಬರೆದಿದ್ದೇವೆ. ಈ ಬಾರಿ ಗೋಡೆಯ ಬೋರ್ಡಿನ ಬಗ್ಗೆ ಬರೆಯುತ್ತಿರುವುದಕ್ಕೆ ಒಂದು ಕಾರಣವಿದೆ.

ಎರಡು ಕೊಯ್ಲಿನ ಹಿಂದೆ ನಮ್ಮ ಸದಸ್ಯರೊಬ್ಬರ ಪಲ್ಪರ್ ಮನೆಯಲ್ಲಿ ನಡೆದ ಪ್ರಸಂಗವಿದು. ಹೆಸರು ಬೇಡ. ಹಣ್ಣಿನ ಜತೆ ಬಂದ ಕಲ್ಲೊಂದು ಪಲ್ಪರಿನಲ್ಲಿ ಸಿಕ್ಕಿಕೊಂಡಿತು. ಅಲ್ಲಿದ್ದ ಆಳು ತಿಳಿವಳಿಕೆಯವನು. ಸ್ಟಾರ್ಟರಿನ ಕೆಂಪು ಗುಂಡಿ ಒತ್ತಿದ್ದಷ್ಟೇ ಸಾಲದೆಂದು ಬೋರ್ಡಿನ ಹತ್ತಿರ ಹೋಗಿ 'ಪಲ್ಪರ್' ಎಂದು ಬರೆದಿದ್ದ ಎಂ.ಸಿ.ಬಿ.ಯನ್ನೂ ಕೆಳಗೆ ಮಾಡಿ ಬಂದನು. ಆದರೆ ಹಿಂದಿನ ಬೇಸಗೆಯಲ್ಲಿ ಕಣಕ್ಕೆ ಹೊಸ ದೀಪಗಳನ್ನು ಹಾಕಿಸುವಾಗ ಪಲ್ಪರಿನ ವೈರುಗಳನ್ನು ಪಕ್ಕದ ಖಾಲಿ ಜಾಗಕ್ಕೆ ಸರಿಸಿ, ಅದರ ಹಳೆಯ ಜಾಗಕ್ಕೆ ನೀರೆತ್ತುವ ಪಂಪನ್ನು ಸೇರಿಸಿದ್ದರು. ಚೀಟಿ ಮಾತ್ರ ಇದ್ದಲ್ಲಿಯೇ ಉಳಿದಿತ್ತು. ಆತ ಆರಿಸಿದ್ದು ಪಂಪನ್ನು. ಹೊರಗೆ ತೊಳೆಯುವ ತೊಟ್ಟಿಯ ಹತ್ತಿರ ಇದ್ದವನಿಗೆ ನೀರು ನಿಂತದ್ದು ಕಂಡಿತು. ಅವನು ಒಳಗೆ ಬಂದು, ಸಾಲಾಗಿದ್ದ ಹೆಸರಿಲ್ಲದ ಸ್ಟಾರ್ಟರುಗಳಲ್ಲಿ ಪಂಪಿನದು ಯಾವುದೆಂದು ತಿಳಿಯದೆ ಒಂದೊಂದಾಗಿ ಹಸಿರು ಗುಂಡಿ ಒತ್ತುತ್ತ ಹೋದನು. ಪಂಪು ತಿರುಗಲಿಲ್ಲ, ಪಲ್ಪರ್ ತಿರುಗಿತು. ಕಲ್ಲು ತೆಗೆಯುತ್ತಿದ್ದವನ ಎರಡು ಬೆರಳುಗಳ ತುದಿ ಹೋಯಿತು.

ಇದರಲ್ಲಿ ಆ ಆಳಿನ ತಪ್ಪೇನೂ ಇಲ್ಲ. ಕೈ ಹಾಕುವ ಮೊದಲು ಬೋರ್ಡಿನಲ್ಲಿ ಆರಿಸಬೇಕೆಂದು ಎಲ್ಲರೂ ಹೇಳಿಕೊಡುವುದನ್ನೇ ಅವನು ಮಾಡಿದ್ದನು. ಸುಳ್ಳು ಹೇಳಿದ್ದು ಚೀಟಿ. ನಮ್ಮ ಅಭಿಪ್ರಾಯದಲ್ಲಿ ಹೆಸರೇ ಇಲ್ಲದ ಬೋರ್ಡಿಗಿಂತ ತಪ್ಪು ಹೆಸರಿನ ಬೋರ್ಡು ಕೆಟ್ಟದ್ದು. ಹೆಸರಿಲ್ಲದಿದ್ದರೆ ಮನುಷ್ಯ ಅನುಮಾನಪಟ್ಟು ಮೈನ್ ಸ್ವಿಚ್ಚನ್ನಾದರೂ ಆರಿಸುತ್ತಾನೆ.

ಬಯಲು ಸೀಮೆಯ ಒಂದು ಪಾಠ

ಕಳೆದ ವರ್ಷ ಯುಗಾದಿಗೆ ಮೊದಲು ನಾವು ಮತ್ತು ಸಂಘದ ಇಬ್ಬರು ನಿರ್ದೇಶಕರು ಯಾದಗಿರಿ ಕಡೆಗೆ ಹೋಗಿ ಬಂದೆವು. ನಮ್ಮ ಕಡೆಯ ಕೆಲವು ತೋಟಗಳಿಗೆ ಕೊಯ್ಲಿಗೆಂದು ಸುರಪುರ ತಾಲ್ಲೂಕಿನ ಹಳ್ಳಿಗಳಿಂದ ಬರುವ ಕುಟುಂಬಗಳಿವೆ. ಅವರಲ್ಲೊಬ್ಬರ ಮನೆಯ ಮದುವೆ. ಮದುವೆ ಮುಗಿದ ಮೇಲೆ ಮದುಮಗನ ಅಣ್ಣ, 'ಸಾಹೇಬ್ರ, ಇಷ್ಟು ದೂರ ಬಂದೀರಿ, ನಮ್ಮ ಗಿರಣಿ ನೋಡಿ ಹೋಗ್ರಿ' ಎಂದು ಒತ್ತಾಯ ಮಾಡಿದನು. ಆತ ಐ.ಟಿ.ಐ. ಕಲಿತು ಶಹಾಪುರದ ಹತ್ತಿ ಜಿನ್ನಿಂಗ್ ಗಿರಣಿಯೊಂದರಲ್ಲಿ ವೈರ್‌ಮನ್ ಆಗಿದ್ದಾನೆ.

2009ರ ಡಿಸೆಂಬರ್ 30ರಂದು ಗುಲ್ಬರ್ಗಾದಿಂದ ಬೇರೆಯಾಗಿ ಜಿಲ್ಲೆಯಾದ ಯಾದಗಿರಿಯನ್ನು ನಮ್ಮ ಮಲೆನಾಡಿನವರು ನೋಡಿರುವುದು ಕಡಮೆ. ಕರಿಮಣ್ಣಿನ ಹೊಲ, ಹತ್ತಿ, ತೊಗರಿ, ಕಾಲುವೆ ಬಂದ ಕಡೆ ಕಣ್ಣು ಹಾಯುವಷ್ಟು ದೂರ ಭತ್ತ. ಶಹಾಪುರದ ಗುಡ್ಡ ದೂರದಿಂದ ನೋಡಿದರೆ ಮಲಗಿದ ಬುದ್ಧನಂತೆ ಕಾಣುತ್ತದೆ. ಮಳೆ ನಮ್ಮದರ ಕಾಲುಭಾಗವೂ ಇಲ್ಲ. ಬಿಸಿಲಿನ ಮಾತು ಕೇಳುವುದೇ ಬೇಡ.

ಗಿರಣಿಯೊಳಗೆ ಡಬಲ್ ರೋಲರ್ ಜಿನ್ನುಗಳು ಎರಡು ಸಾಲಾಗಿ ನಿಂತಿದ್ದವು. ಪ್ರತಿಯೊಂದರ ಮೈಮೇಲೆ ಅಂಗೈಯಗಲದ ಅಂಕಿ, ಬಿಳಿ ಬಣ್ಣದಲ್ಲಿ. ಅದೇ ಅಂಕಿ ಅದರ ಸ್ಟಾರ್ಟರಿನ ಮೇಲೆ. ಅದೇ ಅಂಕಿ ಗೋಡೆಯ ಬೋರ್ಡಿನಲ್ಲಿ. ಕೇಬಲ್ಲಿನ ಎರಡು ತುದಿಗಳಿಗೂ ತಗಡಿನ ಬಿಲ್ಲೆ ಕಟ್ಟಿ ಅದರ ಮೇಲೆಯೂ ಅದೇ ಅಂಕಿಯನ್ನು ಮೊಳೆಯ ಅಚ್ಚಿನಿಂದ ಒತ್ತಿದ್ದರು. ನಾವು ಕಾರಣ ಕೇಳಿದೆವು. ಆತ ಹೇಳಿದ್ದು ಇಷ್ಟು: 'ನೋಡ್ರಿ ಸಾಹೇಬ್ರ, ಹತ್ತಿಗೆ ಕಿಡಿ ಬಿತ್ತಂದ್ರ ಕುಂತು ವಿಚಾರ ಮಾಡಾಕ ಟೈಮ್ ಇರಂಗಿಲ್ರಿ. ಏಳನೇ ಮಷಿನ್ಯಾಗ ಹೊಗಿ ಕಂಡ್ರ ಏಳನೇ ನಂಬರ್ ಆರಿಸಬೇಕು, ಅಷ್ಟ. ರಾತ್ರಿ ಪಾಳಿಯಾಗ ಹೊಸಾ ಹುಡುಗ ಇದ್ರೂ ಅವಗ ಅಂಕಿ ಗೊತ್ತಿರ್ತಾವಲ್ರಿ.'

ಈ ಕೊನೆಯ ಮಾತು ನಮಗೆ ಬಹಳ ಹಿಡಿಸಿತು. ನಮ್ಮ ಕಡೆಯ ಬೋರ್ಡುಗಳಲ್ಲಿ ಹೆಸರು ಇದ್ದರೂ ಅದು ಇಂಗ್ಲಿಷಿನಲ್ಲಿ, ಅದೂ ವೈರಿಂಗಿನವರಿಗೆ ಮಾತ್ರ ತಿಳಿಯುವ ಮೂರಕ್ಷರದ ಸಂಕ್ಷೇಪದಲ್ಲಿ ಇರುತ್ತದೆ. ಸುರಪುರದಿಂದ ಬಂದು ಕಣದಲ್ಲಿ ಕೆಲಸ ಮಾಡುವ ಹುಡುಗ ಕನ್ನಡ ಓದಬಲ್ಲ, ಅಂಕಿ ಓದಬಲ್ಲ. ಆ ಸಂಕ್ಷೇಪವನ್ನು ಓದಿ ಅರ್ಥ ಮಾಡಿಕೊಳ್ಳುವುದು ಪದವಿ ಪಡೆದ ನಮಗೂ ಕಷ್ಟ.

ಹಿಂದಿರುಗುವಾಗ ನಾರಾಯಣಪುರ ಎಡದಂಡೆ ಕಾಲುವೆಯ ಏರಿಯ ಮೇಲೆ ಸ್ವಲ್ಪ ದೂರ ಬಂದೆವು. ಕೃಷ್ಣೆಗೆ ನಾರಾಯಣಪುರದಲ್ಲಿ ಕಟ್ಟಿದ ಬಸವಸಾಗರದಿಂದ ಹೊರಡುವ ಈ ಕಾಲುವೆ ಸುರಪುರ, ಶಹಾಪುರದ ಹೊಲಗಳಿಗೆ ಜೀವ ಕೊಟ್ಟಿದೆ. ಇದರ ವಿಸ್ತರಣೆ ಮತ್ತು ಆಧುನೀಕರಣದ ಕಾಮಗಾರಿಯನ್ನು 2023ರ ಜನವರಿ 19ರಂದು ಕೊಡೇಕಲ್ಲಿನಲ್ಲಿ ಪ್ರಧಾನಮಂತ್ರಿಗಳು ಉದ್ಘಾಟಿಸಿದರು. ಕಾಲುವೆಯ ಸಾಮರ್ಥ್ಯ 10,000 ಕ್ಯೂಸೆಕ್, ಅಚ್ಚುಕಟ್ಟು 4.5 ಲಕ್ಷ ಹೆಕ್ಟೇರ್. ಇಷ್ಟು ನೀರನ್ನು ಹಂಚುವುದು ಹೇಗೆ? ಮುಖ್ಯ ಕಾಲುವೆಯಿಂದ ಒಡೆಯುವ ವಿತರಣಾ ಕಾಲುವೆಗಳಿಗೆ ನಂಬರು, ಅದರಿಂದ ಒಡೆಯುವ ಲ್ಯಾಟರಲ್ಲಿಗೆ ನಂಬರು, ಕೊನೆಗೆ ಹೊಲಗಾಲುವೆಯ ತೂಬಿಗೂ ನಂಬರು. ರೈತ ತನ್ನ ಹೊಲ ಎಲ್ಲಿದೆಯೆಂದು ಹೇಳುವಾಗ ಇಂಥ ಡಿಸ್ಟ್ರಿಬ್ಯೂಟರಿಯ ಇಂಥ ಲ್ಯಾಟರಲ್ ಎನ್ನುತ್ತಾನೆ. ಮೇಲಿನ ಗೇಟು ಇಳಿಸಿದರೆ ಯಾರ ಹೊಲಕ್ಕೆ ನೀರು ನಿಲ್ಲುವುದೆಂಬುದು ಆ ನಂಬರಿನಲ್ಲಿಯೇ ಇದೆ. ನಮ್ಮ ತೋಟದ ಕರೆಂಟೂ ಹೀಗೆಯೇ ಹರಿಯುವ ವಸ್ತು. ಕಂಬದಿಂದ ಮೀಟರು, ಮೀಟರಿನಿಂದ ಮೈನು, ಮೈನಿನಿಂದ ಮೂರು ಫೇಸಿನ ಬೋರ್ಡು, ಅಲ್ಲಿಂದ ಒಂದೊಂದು ದಾರಿ. ವ್ಯತ್ಯಾಸವೇನೆಂದರೆ ನೀರು ಎಲ್ಲಿದೆಯೆಂದು ಕಣ್ಣಿಗೆ ಕಾಣುತ್ತದೆ.

ಬರಿಯ ಒಂದು, ಎರಡು, ಮೂರು ಏಕೆ ಸಾಲದು

ಮನೆಯ ಸಿಂಗಲ್ ಫೇಸ್ ಬೋರ್ಡಿಗೆ ಎಡದಿಂದ ಬಲಕ್ಕೆ ಒಂದರಿಂದ ಎಂಟರವರೆಗೆ ಅಂಕಿ ಬರೆದರೆ ಕೆಲಸ ಮುಗಿಯಿತು. ಮೂರು ಫೇಸಿನಲ್ಲಿ ಹಾಗಲ್ಲ. ಇಲ್ಲಿ ಪ್ರತಿ ದಾರಿಗೂ ಎರಡು ವಿಷಯ ಹೇಳಬೇಕು: ಎಷ್ಟನೆಯದು, ಯಾವ ಫೇಸಿನದು.

ನಾಲ್ಕು ದಾರಿಯ ಟಿ.ಪಿ.ಎನ್. ಬೋರ್ಡು ಎಂದರೆ ಒಂದೊಂದು ಫೇಸಿಗೆ ನಾಲ್ಕರಂತೆ ಹನ್ನೆರಡು ಸಿಂಗಲ್ ಎಂ.ಸಿ.ಬಿ.ಗಳ ಜಾಗ. ಕೆಲವು ಬೋರ್ಡುಗಳಲ್ಲಿ ಮೊದಲ ನಾಲ್ಕು ಕೆಂಪು, ನಂತರದ ನಾಲ್ಕು ಹಳದಿ, ಕೊನೆಯ ನಾಲ್ಕು ನೀಲಿ. ಇನ್ನು ಕೆಲವಲ್ಲಿ ಕೆಂಪು, ಹಳದಿ, ನೀಲಿ, ಮತ್ತೆ ಕೆಂಪು, ಹಳದಿ, ನೀಲಿ ಎಂದು ಸರದಿಯಾಗಿ ಬರುತ್ತದೆ. ಬರಿಯ '3' ಎಂದು ಬರೆದಿದ್ದರೆ ಮೊದಲನೆಯದರಲ್ಲಿ ಅದು ಕೆಂಪು ಫೇಸು, ಎರಡನೆಯದರಲ್ಲಿ ನೀಲಿ. ಅಮೆರಿಕದವರ ಪದ್ಧತಿಯೇ ಬೇರೆ. ಅವರು ಎಡಸಾಲಿಗೆ ಬೆಸ ಅಂಕಿ, ಬಲಸಾಲಿಗೆ ಸಮ ಅಂಕಿ ಕೊಡುತ್ತಾರೆ. 1 ಮತ್ತು 2 ಮೊದಲ ಫೇಸು, 3 ಮತ್ತು 4 ಎರಡನೆಯದು, 5 ಮತ್ತು 6 ಮೂರನೆಯದು, ಹೀಗೆ. ಅಲ್ಲಿಯ '3' ನಡುವಿನ ಫೇಸು. ಬ್ರಿಟಿಷರು ದಾರಿಯ ಅಂಕಿಯ ಜತೆಗೆ ಎಲ್1, ಎಲ್2, ಎಲ್3 ಎಂದು ಫೇಸನ್ನೂ ಸೇರಿಸಿ ಬರೆಯುತ್ತಾರೆ. ಇದೇ ನಮಗೆ ಸರಿಕಾಣುವುದು. ನಮ್ಮ ಎಲೆಕ್ಟ್ರಿಷಿಯನ್ನರು ಆರ್1, ವೈ1, ಬಿ1 ಎನ್ನುವುದೂ ಇದನ್ನೇ. ತೋಟದಲ್ಲಿ ಕೆಲಸ ಮಾಡುವವರಿಗಾಗಿ ನಾವು ಸೂಚಿಸುವುದು ಕೆಂ-1, ಹ-1, ನೀ-1. ಅಕ್ಷರದ ಹಿಂದೆ ಆಯಾ ಬಣ್ಣದ ಪಟ್ಟಿ ಇದ್ದರೆ ಅಕ್ಷರ ಬಾರದವರಿಗೂ ತಿಳಿಯುತ್ತದೆ.

ಮೂರೂ ಫೇಸನ್ನು ಒಟ್ಟಿಗೆ ಬಳಸುವ ಪಲ್ಪರ್, ಪಂಪು, ಅಡಿಕೆ ಸುಲಿಯುವ ಯಂತ್ರಗಳಿಗೆ ಬಣ್ಣದ ಅಕ್ಷರ ಬೇಡ. 'ಮೂ-1, ಪಲ್ಪರ್' ಎಂದರೆ ಸಾಕು. ಒಂದಕ್ಕಿಂತ ಹೆಚ್ಚು ಬೋರ್ಡು ಇರುವ ತೋಟದಲ್ಲಿ ಬೋರ್ಡಿಗೂ ಒಂದು ಅಕ್ಷರ ಬೇಕು. ಮನೆಯದು ಅ, ಪಲ್ಪರ್ ಮನೆಯದು ಆ, ಕೆರೆಯ ಪಂಪ್ ಶೆಡ್ಡಿನದು ಇ. ಆಗ ಕಣದ ದೀಪಕ್ಕೆ 'ಆ/ಹ-3' ಎಂಬ ಒಂದೇ ವಿಳಾಸ. ಫೋನಿನಲ್ಲಿ ಎಲೆಕ್ಟ್ರಿಷಿಯನ್ನರಿಗೆ ಇದನ್ನು ಹೇಳಿದರೆ ಅವರು ತಮ್ಮ ಮನೆಯಲ್ಲಿಯೇ ಕುಳಿತು ಯಾವ ಎಂ.ಸಿ.ಬಿ. ಎಂದು ಹೇಳಬಲ್ಲರು. ಅಂದ ಹಾಗೆ, ಅಂಕಿಗಳು ಫೋನಿನಲ್ಲಿರುವಂಥವೇ ಇರಲಿ. ಕನ್ನಡ ಅಂಕಿಯ ಮೇಲೆ ನಮಗೆ ಅಭಿಮಾನವಿಲ್ಲವೆಂದಲ್ಲ. ಮಬ್ಬುಬೆಳಕಿನಲ್ಲಿ, ಅರ್ಧ ಅಳಿಸಿದ ಮೇಲೆ, ೧ ಯಾವುದು ೦ ಯಾವುದು ಎಂದು ಬೋರ್ಡಿನ ಮುಂದೆ ಚರ್ಚೆಯಾಗಬಾರದು.

ಫೇಸು ಬರೆದಿಡುವುದರಿಂದ ಬೇರೆ ಲಾಭಗಳೂ ಇವೆ. ಹಳ್ಳಿಯ ಲೈನುಗಳಲ್ಲಿ ಮೂರು ಫೇಸು ಇಡೀ ದಿನ ಇರುವುದಿಲ್ಲವೆಂಬುದು ತಮಗೆ ಗೊತ್ತು. ಒಂದು ಫೇಸು ಸತ್ತ ಹೊತ್ತಿನಲ್ಲಿ ಕಣದ ದೀಪವಿಲ್ಲ, ಲೈನ್ ಮನೆಯ ದೀಪ ಉಂಟು. ಅಥವಾ ಮನೆಯ ಅರ್ಧ ಬೆಳಕು, ಅರ್ಧ ಕತ್ತಲೆ. ಪಟ್ಟಿ ಇದ್ದರೆ ಇದು ನಮ್ಮ ಬೋರ್ಡಿನ ತೊಂದರೆಯೋ, ಮೆಸ್ಕಾಂ ಅಥವಾ ಚೆಸ್ಕಾಂ ಲೈನಿನ ತೊಂದರೆಯೋ ಎಂದು ಅರೆನಿಮಿಷದಲ್ಲಿ ತಿಳಿಯುತ್ತದೆ. ಹಳದಿಯ ದೀಪಗಳೆಲ್ಲ ಹೋಗಿದ್ದರೆ ಲೈನು ಅಥವಾ ಮೈನಿನ ಫ್ಯೂಸು. ಹ-3 ಒಂದೇ ಹೋಗಿದ್ದರೆ ನಮ್ಮದು. ಇಂಥ ಹೊತ್ತಿನಲ್ಲಿ ಮೂರು ಫೇಸಿನ ಮೋಟಾರನ್ನು ಚಾಲೂ ಮಾಡಿದರೆ ಅದು ಗುಂಯ್‌ಗುಟ್ಟಿ ಸುಡುತ್ತದೆ. ಸಿಂಗಲ್ ಫೇಸ್ ಪ್ರಿವೆಂಟರ್ ಇಲ್ಲದ ಸ್ಟಾರ್ಟರ್ ಇಟ್ಟುಕೊಂಡವರು ಈ ಮಾತನ್ನು ಎರಡು ಸಲ ಓದಬೇಕು.

ಭಾರ ಹಂಚುವುದೂ ಪಟ್ಟಿಯಿಂದಲೇ ಸಾಧ್ಯ. ಗೀಸರು, ಇಸ್ತ್ರಿಪೆಟ್ಟಿಗೆ, ಮಿಕ್ಸಿ, ವೆಲ್ಡಿಂಗು ಎಲ್ಲವೂ ಕೆಂಪಿನ ಮೇಲೆಯೇ ಕುಳಿತು ನೀಲಿಯಲ್ಲಿ ನಾಲ್ಕು ಬಲ್ಬು ಮಾತ್ರ ಇರುವ ಬೋರ್ಡುಗಳಿವೆ. ಅಂಥ ಕಡೆ ನ್ಯೂಟ್ರಲ್ ವೈರು ಎಲ್ಲಿಯಾದರೂ ಸಡಿಲವಾಗಿ ಕಡಿದರೆ, ಕಡಮೆ ಭಾರವಿರುವ ಫೇಸಿಗೆ 230 ವೋಲ್ಟಿನ ಬದಲು ಮುನ್ನೂರು ದಾಟಿದ ವೋಲ್ಟೇಜು ಬಂದು ಬಲ್ಬು, ಟಿ.ವಿ. ಎಲ್ಲ ಹೋಗುತ್ತವೆ. ಎರಡು ಫೇಸುಗಳ ನಡುವೆ ಇರುವುದು 400 ವೋಲ್ಟು. ಹಿಂದೆ 415–240 ಎನ್ನುತ್ತಿದ್ದುದು ಈಗ 400–230 ಆಗಿದೆ. ಆದ್ದರಿಂದ ಅಕ್ಕಪಕ್ಕದ ಎರಡು ಎಂ.ಸಿ.ಬಿ.ಗಳು ಬೇರೆ ಬೇರೆ ಫೇಸಿನವಾಗಿದ್ದರೆ ಅವೆರಡರ ನಡುವೆಯೂ 400 ಇರುತ್ತದೆ ಎಂಬ ಎಚ್ಚರ ಬೇಕು. ಒಂದನ್ನು ಆರಿಸಿದ ಮಾತ್ರಕ್ಕೆ ಅದರ ಪಕ್ಕದ್ದು ಸತ್ತಿರುವುದಿಲ್ಲ.

ನ್ಯೂಟ್ರಲಿನ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇವೆ. ಯಾವ ದಾರಿಯ ನ್ಯೂಟ್ರಲ್ ಯಾವುದೆಂದು ಅದಕ್ಕೂ ಅದೇ ನಂಬರಿನ ಉಂಗುರ ಹಾಕಿಸಬೇಕು. ಹ-3ರ ದೀಪಕ್ಕೆ ಹತ್ತಿರದಲ್ಲಿ ಸಿಕ್ಕಿತೆಂದು ಕೆಂ-2ರ ನ್ಯೂಟ್ರಲನ್ನು ಜೋಡಿಸುವ ಕೆಟ್ಟ ಚಾಳಿ ಹಲವು ಕಡೆ ಇದೆ. ಹಾಗಾದಾಗ ಕೆಂ-2ನ್ನು ಆರಿಸಿ ಅದರ ನ್ಯೂಟ್ರಲನ್ನು ಬಿಚ್ಚಿದವನಿಗೆ, ಹ-3ರ ದೀಪದ ಮೂಲಕ ಬಂದ ಕರೆಂಟು ಹೊಡೆಯುತ್ತದೆ. ಮನೆಯಲ್ಲಿ ಒಂದಕ್ಕಿಂತ ಹೆಚ್ಚು ಆರ್.ಸಿ.ಸಿ.ಬಿ. ಹಾಕಿಸಿದ ಮೇಲೆ ಅವು ಕಾರಣವಿಲ್ಲದೆ ಬೀಳುತ್ತಿವೆ ಎಂದು ಬೈಯುವವರು ಮೊದಲು ಈ ಕಲಬೆರಕೆ ನ್ಯೂಟ್ರಲನ್ನು ಹುಡುಕಿಸಲಿ.

ಪಟ್ಟಿ ತಯಾರಿಸುವ ಬಗೆ

ಇದಕ್ಕೆ ಬೋರ್ಡಿನ ಒಳಮುಚ್ಚಳ ಬಿಚ್ಚಬೇಕಾಗಿಲ್ಲ. ಬಿಚ್ಚಲೂಬಾರದು, ಅದು ಪರವಾನಗಿ ಇರುವವರ ಕೆಲಸ. ಹೊರಬಾಗಿಲು ತೆರೆದರೆ ಕಾಣುವ ಎಂ.ಸಿ.ಬಿ.ಗಳ ಹಿಡಿಗಳಷ್ಟೇ ನಮಗೆ ಸಾಕು.

ಮೂರು ಫೇಸೂ ಇರುವ ಹಗಲು ಹೊತ್ತು, ಯಂತ್ರ ಓಡದ ದಿನ ನೋಡಿಕೊಂಡು ಇಬ್ಬರು ನಿಲ್ಲಿರಿ. ಒಬ್ಬರು ಬೋರ್ಡಿನ ಹತ್ತಿರ, ಇನ್ನೊಬ್ಬರು ಸುತ್ತಾಡುವವರು. ಯು.ಪಿ.ಎಸ್. ಇದ್ದರೆ ಅದನ್ನು ಮೊದಲು ನಿಲ್ಲಿಸಿ, ಇಲ್ಲವಾದರೆ ಸತ್ತ ದಾರಿಯೂ ಬದುಕಿದಂತೆ ತೋರುತ್ತದೆ. ಎಲ್ಲ ದೀಪ, ಫ್ಯಾನುಗಳ ಸ್ವಿಚ್ಚು ಹಾಕಿಟ್ಟು ಒಂದೊಂದೇ ಎಂ.ಸಿ.ಬಿ. ಆರಿಸುತ್ತ ಹೋಗಿ, ಏನೇನು ಆರಿತೆಂದು ಬರೆದುಕೊಳ್ಳಿ. ಪ್ಲಗ್ ಪಾಯಿಂಟುಗಳನ್ನು ಮರೆಯಬೇಡಿ. ಒಂದು ಟೇಬಲ್ ಲ್ಯಾಂಪು ಹಿಡಿದುಕೊಂಡು ಪ್ರತಿಯೊಂದಕ್ಕೂ ಚುಚ್ಚಿ ನೋಡಬೇಕು. ಮೋಟಾರುಗಳಿಗೆ ಬಂದಾಗ ಅವುಗಳನ್ನು ಖಾಲಿಯಾಗಿ ಒಂದು ಕ್ಷಣ ತಿರುಗಿಸಿ ನೋಡಿದರಾಯಿತು. ನೀರಿಲ್ಲದ ಪಂಪನ್ನು ಹೆಚ್ಚು ಹೊತ್ತು ಓಡಿಸಬೇಡಿ.

ಎರಡನೆಯ ಸುತ್ತಿನಲ್ಲಿ ತಿರುವುಮುರುವು ಮಾಡಿ. ಮೈನ್ ಬಿಟ್ಟು ಎಲ್ಲವನ್ನೂ ಆರಿಸಿ, ಒಂದೊಂದನ್ನೇ ಹಾಕಿ. ಮೊದಲ ಸುತ್ತಿನ ಪಟ್ಟಿಗೂ ಇದಕ್ಕೂ ತಾಳೆಯಾಗಬೇಕು. ತಾಳೆಯಾಗದಿದ್ದರೆ ಎಲ್ಲಿಯೋ ಎರಡು ದಾರಿಗಳು ಕೂಡಿಕೊಂಡಿವೆ ಎಂದರ್ಥ. ಅಲ್ಲಿಗೆ ನಿಲ್ಲಿಸಿ ಎಲೆಕ್ಟ್ರಿಷಿಯನ್ನರನ್ನು ಕರೆಸಿ. ಎಲ್ಲವನ್ನೂ ಆರಿಸಿದ ಮೇಲೂ ಉರಿಯುವ ದೀಪ ಕಂಡರೆ ಅದನ್ನು ಎಂ.ಸಿ.ಬಿ.ಗಳ ಮುಂಚೆಯೇ ಎಳೆದಿದ್ದಾರೆ. ಅದಂತೂ ತಡಮಾಡಬಾರದ ವಿಷಯ.

ಯಾವ ಎಂ.ಸಿ.ಬಿ. ಯಾವ ಫೇಸಿನದು ಎಂಬುದನ್ನು ಊಹೆಯಿಂದ ಬರೆಯಬೇಡಿ. ಎಲೆಕ್ಟ್ರಿಷಿಯನ್ನರು ಬೇರೆ ಕೆಲಸಕ್ಕೆ ಬಂದ ದಿನ ಮುಚ್ಚಳ ತೆಗೆದು ಬಸ್‌ಬಾರಿನಿಂದ ನೋಡಿ ಹೇಳಲಿ, ನೀವು ಬರೆದುಕೊಳ್ಳಿ. ಹತ್ತು ನಿಮಿಷದ ಕೆಲಸ. ಅದೇ ಹೊತ್ತಿನಲ್ಲಿ ವೈರಿನ ದಪ್ಪವನ್ನೂ ಎಂ.ಸಿ.ಬಿ.ಯ ಆಂಪಿಯರನ್ನೂ ಪಟ್ಟಿಯಲ್ಲಿ ಹಾಕಿಸಿ. ಪದೇಪದೇ ಬೀಳುತ್ತದೆಂದು 16ರ ಜಾಗಕ್ಕೆ 32 ಹಾಕುವ ಪರಾಕ್ರಮಿಗಳಿಗೆ ಆ ಪಟ್ಟಿಯೇ ಅಡ್ಡ ಬರಬೇಕು.

ಕೊನೆಗೆ ಶಹಾಪುರದ ಪಾಠ. ಬೋರ್ಡಿನ ನಂಬರನ್ನೇ ಸ್ಟಾರ್ಟರಿನ ಮೇಲೂ ಯಂತ್ರದ ಮೈಮೇಲೂ ದೊಡ್ಡದಾಗಿ ಬರೆಸಿರಿ. ಯಂತ್ರ ತಿರುಗಬೇಕಾದ ದಿಕ್ಕಿಗೆ ಒಂದು ಬಾಣವೂ ಇರಲಿ. ಲೈನಿನಲ್ಲಿ ರಿಪೇರಿಯಾಗಿ ಎರಡು ಫೇಸು ಅದಲುಬದಲಾದರೆ ಮೋಟಾರು ಹಿಂದಕ್ಕೆ ತಿರುಗುತ್ತದೆ. ಪಲ್ಪರಿನಲ್ಲಿ ಅದು ಕೂಡಲೇ ಗೊತ್ತಾಗುತ್ತದೆ. ಸೆಂಟ್ರಿಫ್ಯೂಗಲ್ ಪಂಪು ಮಾತ್ರ ಹಿಂದಕ್ಕೆ ತಿರುಗಿದರೂ ಸ್ವಲ್ಪ ನೀರು ಕೊಡುತ್ತಲೇ ಇರುತ್ತದೆ. ಹೂಮಳೆ ಕೈಕೊಟ್ಟು ಸ್ಪ್ರಿಂಕ್ಲರ್ ಹಾಕುವ ಫೆಬ್ರವರಿ, ಮಾರ್ಚಿನಲ್ಲಿ ನೀರಿನ ಒತ್ತಡ ಸಾಲದೆಂದು ಕೆರೆ, ಪೈಪು ಎಲ್ಲವನ್ನೂ ತಡಕಾಡಿ ಕೊನೆಗೆ ಬಾಣ ನೋಡಿದವರಿದ್ದಾರೆ.

ಹೊರದೇಶದ ಯಂತ್ರ ತಂದವರಿಗೆ ಒಂದು ಎಚ್ಚರ

ಬ್ರೆಜಿಲ್ ಮತ್ತು ಯುರೋಪಿನ ಕಡೆಯಿಂದ ಬಂದ ಸಂಸ್ಕರಣಾ ಯಂತ್ರಗಳು ಈಗ ನಮ್ಮ ಭಾಗದಲ್ಲಿಯೂ ಇವೆ. ನಮ್ಮಲ್ಲಿ ರೂಢಿಯಾಗಿರುವ ಬಣ್ಣಗಳು ಕೆಂಪು, ಹಳದಿ, ನೀಲಿ ಫೇಸಿಗೆ, ಕಪ್ಪು ನ್ಯೂಟ್ರಲಿಗೆ, ಹಸಿರು ಅರ್ತಿಗೆ. ಯುರೋಪಿನಲ್ಲಿ ಕಂದು, ಕಪ್ಪು, ಬೂದು ಬಣ್ಣಗಳು ಫೇಸು, ನೀಲಿಯೇ ನ್ಯೂಟ್ರಲ್. ನಮ್ಮಂತೆಯೇ ಕೆಂಪು, ಹಳದಿ, ನೀಲಿ ಬಳಸುತ್ತಿದ್ದ ಬ್ರಿಟನ್ ಕೂಡ 2004ರಿಂದ ಆ ಕಡೆಗೆ ತಿರುಗಿ 2006ರ ನಂತರದ ಹೊಸ ಕೆಲಸಗಳಿಗೆಲ್ಲ ಅದನ್ನೇ ಕಡ್ಡಾಯ ಮಾಡಿತು. ಬ್ರೆಜಿಲಿನಲ್ಲಿಯೂ ತಿಳಿನೀಲಿ ಎಂದರೆ ನ್ಯೂಟ್ರಲ್. ಎಂದರೆ ಅವರ ಯಂತ್ರದಿಂದ ಹೊರಬರುವ ನೀಲಿ ವೈರನ್ನು ನಮ್ಮ ನೀಲಿ ಫೇಸಿಗೂ, ಕಪ್ಪು ವೈರನ್ನು ನಮ್ಮ ನ್ಯೂಟ್ರಲಿಗೂ ಕಣ್ಣುಮುಚ್ಚಿ ಸೇರಿಸಿದರೆ ಆಗುವ ಅನಾಹುತವನ್ನು ವಿವರಿಸಬೇಕಾಗಿಲ್ಲ. ಇಂಥ ಯಂತ್ರ ಇರುವ ಕಡೆ ಎರಡು ಪದ್ಧತಿಗಳೂ ಕೂಡುವ ಪೆಟ್ಟಿಗೆಯ ಮೇಲೆ ಹಳದಿ ತಗಡಿನಲ್ಲಿ 'ಈ ಯಂತ್ರದಲ್ಲಿ ನೀಲಿ = ನ್ಯೂಟ್ರಲ್' ಎಂದು ಬರೆಸಿಡಿ. ವೈರಿನ ತುದಿಗೆ ನಮ್ಮ ಬಣ್ಣದ ಟೇಪನ್ನೂ ಸುತ್ತಿಸಿ.

ಜನರೇಟರ್ ಇರುವವರು ಚೇಂಜ್‌ಓವರ್ ಸ್ವಿಚ್ಚಿನ ಮೂರು ಸ್ಥಾನಗಳಿಗೆ 'ಲೈನು', 'ಬಂದ್', 'ಜನರೇಟರ್' ಎಂದು ಕನ್ನಡದಲ್ಲಿ ಬರೆಯಬೇಕು. ಬೋರ್ಡಿನ ಬಾಗಿಲಿನ ಮೇಲೆಯೇ 'ಎರಡು ಕಡೆಯಿಂದ ಕರೆಂಟು ಬರುತ್ತದೆ' ಎಂಬ ಎಚ್ಚರಿಕೆಯೂ ಇರಬೇಕು. ಯು.ಪಿ.ಎಸ್. ದಾರಿಗಳಿಗೂ ಇದೇ ನಿಯಮ.

ಮಳೆಗಾಲದಲ್ಲಿ ಉಳಿಯುವ ಗುರುತು

ಯಾದಗಿರಿಯ ಬಿಸಿಲಿಗೆ ಕಾಗದದ ಚೀಟಿಯ ಅಂಟು ಒಣಗಿ ಉದುರುತ್ತದೆಯಂತೆ. ಆದ್ದರಿಂದಲೇ ಅವರು ತಗಡಿಗೆ ಹೋದದ್ದು. ನಮ್ಮಲ್ಲಿ ಅದೇ ಚೀಟಿ ಆಷಾಢದಲ್ಲಿ ಬೂಷ್ಟು ಹಿಡಿದು, ಶಾಯಿ ಹರಡಿ, ಉಳಿದ ಅಂಟನ್ನು ಜಿರಲೆ ತಿಂದು ಗಣಪತಿ ಹಬ್ಬದ ಹೊತ್ತಿಗೆ ಬೋರ್ಡು ಮತ್ತೆ ಅನಾಮಧೇಯ. ಸ್ಕೆಚ್ ಪೆನ್ನು ಬಾಳುವುದೂ ಒಂದು ಮಳೆಗಾಲ. ನಮಗೆ ತೃಪ್ತಿ ಕೊಟ್ಟಿರುವುದು ಎರಡು ಬಗೆ. ಒಂದು, ಪೇಟೆಯಲ್ಲಿ ರಬ್ಬರ್ ಸ್ಟಾಂಪು, ನಾಮಫಲಕ ಮಾಡುವವರು ಕೆತ್ತಿಕೊಡುವ ಎರಡು ಪದರದ ಪ್ಲಾಸ್ಟಿಕ್ ಪಟ್ಟಿ. ಮೇಲಿನ ಬಣ್ಣ ಕೆತ್ತಿದರೆ ಒಳಗಿನ ಬಿಳಿ ಕಾಣುತ್ತದೆ, ಅಳಿಸುವ ಪ್ರಶ್ನೆಯೇ ಇಲ್ಲ. ಇನ್ನೊಂದು, ಅಲ್ಯುಮಿನಿಯಂ ಬಿಲ್ಲೆಗೆ ಅಂಕಿಯ ಅಚ್ಚು ಒತ್ತುವುದು. ಇದು ಕೇಬಲ್ಲಿಗೂ ಯಂತ್ರಕ್ಕೂ ಒಳ್ಳೆಯದು. ಬೋರ್ಡಿನ ಒಳಗೆ ಲೋಹದ ಬಿಲ್ಲೆ ತೂಗಾಡಬಾರದು, ಅಲ್ಲಿ ಪ್ಲಾಸ್ಟಿಕ್ ಉಂಗುರ ಮಾತ್ರ. ಚೀಲಕ್ಕೆ ಮಾರ್ಕು ಹಾಕುವ ತಗಡಿನ ಅಚ್ಚು ಮನೆಯಲ್ಲಿ ಇರುವವರು ಅದನ್ನೇ ಮೋಟಾರಿನ ಮೈಮೇಲೆ ಬಳಸಬಹುದು. ಫಲಕವನ್ನು ಎಂ.ಸಿ.ಬಿ.ಯ ಮೇಲೆ ಅಂಟಿಸದೆ ಅದರ ಪಕ್ಕದ ಚೌಕಟ್ಟಿಗೆ ಅಂಟಿಸಿ. ಎಂ.ಸಿ.ಬಿ. ಕೆಟ್ಟು ಬದಲಾಯಿಸಿದ ದಿನ ಹೆಸರೂ ಅದರ ಜತೆ ಗುಜರಿಗೆ ಹೋಗಬಾರದು. ಬಾಗಿಲಿಗಂತೂ ಅಂಟಿಸಲೇಬೇಡಿ, ಎರಡು ಬೋರ್ಡುಗಳ ಬಾಗಿಲು ಅದಲುಬದಲಾದದ್ದನ್ನು ನೋಡಿದ್ದೇವೆ.

ಖಾಲಿ ಜಾಗಕ್ಕೂ 'ಖಾಲಿ' ಎಂದೇ ಬರೆಯಬೇಕು. ನಂಬರನ್ನು ಬಿಟ್ಟು ಎಣಿಸಬಾರದು.

ಇದೆಲ್ಲ ಸಂಘದ ಕಾರ್ಯದರ್ಶಿಯ ಹೊಸ ಹುಚ್ಚು ಎಂದು ಯಾರೂ ಭಾವಿಸಬೇಕಾಗಿಲ್ಲ. 1956ರ ಭಾರತೀಯ ವಿದ್ಯುತ್ ನಿಯಮಗಳ 41ನೆಯ ನಿಯಮವೇ ಜಂಕ್ಷನ್ ಪೆಟ್ಟಿಗೆ ಮುಂತಾದ ಕಡೆ ಬೇರೆ ಬೇರೆ ಸರ್ಕೀಟುಗಳನ್ನು ಶಾಶ್ವತವಾದ ಗುರುತಿನಿಂದ ಸುಲಭವಾಗಿ ಬೇರ್ಪಡಿಸಿ ತಿಳಿಯುವಂತಿರಬೇಕೆಂದು ವಿಧಿಸಿತ್ತು. ಆ ನಿಯಮಗಳ ಜಾಗಕ್ಕೆ ಕೇಂದ್ರೀಯ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು 2010ರಲ್ಲಿ ಬಂದು, 2023ರಲ್ಲಿ ಮತ್ತೆ ಹೊಸದಾದವು. ವೈರಿಂಗಿನ ಭಾರತೀಯ ಮಾನಕವಾದ ಐ.ಎಸ್. 732 ಕೂಡ ಪ್ರತಿ ಬೋರ್ಡಿಗೂ ಯಾವ ದಾರಿ ಏನನ್ನು ನಡೆಸುತ್ತದೆ, ಎಷ್ಟು ಆಂಪಿಯರ್ ಎಂಬ ಪಟ್ಟಿ ಇರಬೇಕೆನ್ನುತ್ತದೆ. ಹೊಸದಾಗಿ ವೈರಿಂಗ್ ಮಾಡಿಸುವವರು ಆ ಪಟ್ಟಿಯನ್ನು ಕೈಗಿಡದ ಹೊರತು ಕೊನೆಯ ಕಂತಿನ ಹಣ ಕೊಡಬೇಡಿರೆಂಬುದು ನಮ್ಮ ಖಚಿತ ಸಲಹೆ. ಮಾತು ಕಟುವೆನಿಸಬಹುದು. ಹಣ ಕೊಟ್ಟ ಮೇಲೆ ಪಟ್ಟಿ ತಂದುಕೊಟ್ಟವರನ್ನು ನಾವಂತೂ ಕಂಡಿಲ್ಲ.

ಹೆಸರು ಸರಿಯಾಗಿದ್ದ ಮೇಲೂ ಕೈ ಹಾಕುವ ಮೊದಲು ಮಾಡಬೇಕಾದದ್ದು ಇದೆ. ಎಂ.ಸಿ.ಬಿ. ಆರಿಸಿದ ಮೇಲೆ ಅದಕ್ಕೆ ಹಾಕುವ ಸಣ್ಣ ಕ್ಲಿಪ್ಪು, ಬೀಗ ಎಲೆಕ್ಟ್ರಿಕ್ ಅಂಗಡಿಗಳಲ್ಲಿ ಸಿಗುತ್ತದೆ. ಬೀಗದ ಕೈ ಕೆಲಸ ಮಾಡುವವನ ಜೇಬಿನಲ್ಲಿಯೇ ಇರಬೇಕು, ರೈಟರ ಮೇಜಿನಲ್ಲಿ ಅಲ್ಲ. 'ಕೆಲಸ ನಡೆದಿದೆ, ಹಾಕಬೇಡಿ' ಎಂಬ ಫಲಕವನ್ನು ಬೋರ್ಡಿಗೂ ಸ್ಟಾರ್ಟರಿಗೂ ತೂಗುಹಾಕಿ. ಆಮೇಲೆ ಯಂತ್ರದ ಹಸಿರು ಗುಂಡಿಯನ್ನು ಒಮ್ಮೆ ಒತ್ತಿ ಅದು ತಿರುಗುವುದಿಲ್ಲವೆಂದು ನೋಡಿಕೊಂಡೇ ಕೈ ಹಾಕಬೇಕು. ಆ ಪಲ್ಪರ್ ಮನೆಯಲ್ಲಿ ಈ ಒಂದು ಒತ್ತುವಿಕೆ ಆಗಿದ್ದರೆ ಚೀಟಿಯ ಸುಳ್ಳು ಅಲ್ಲಿಯೇ ಬಯಲಾಗುತ್ತಿತ್ತು. ವೈರಿನ ಕೆಲಸವಾದರೆ ಟೆಸ್ಟರಿನ ಮಿಣುಕುದೀಪ ಹೊತ್ತಲಿಲ್ಲವೆಂದು ನಂಬಬಾರದು. ಸರಿಯಾದ ಮೀಟರನ್ನು ಮೊದಲು ಕರೆಂಟು ಇರುವುದು ಗೊತ್ತಿರುವ ಜಾಗದಲ್ಲಿ, ನಂತರ ಕೆಲಸದ ಜಾಗದಲ್ಲಿ, ಮತ್ತೆ ಮೊದಲಿನ ಜಾಗದಲ್ಲಿ ಇಟ್ಟು ನೋಡುವವರೇ ಒಳ್ಳೆಯ ಎಲೆಕ್ಟ್ರಿಷಿಯನ್ನರು.

ಸಂಘದಿಂದ ಮಾಡಿರುವ ಏರ್ಪಾಡು ಹೀಗಿದೆ. ನಾಲ್ಕು, ಆರು, ಎಂಟು ದಾರಿಯ ಬೋರ್ಡುಗಳಿಗೆ ಹೊಂದುವ ಕನ್ನಡ ಪಟ್ಟಿಯ ನಮೂನೆಯನ್ನು ಅಚ್ಚು ಹಾಕಿಸಿದ್ದೇವೆ. ಕಚೇರಿಯಲ್ಲಿ ಉಚಿತವಾಗಿ ದೊರೆಯುತ್ತದೆ. ತುಂಬಿದ ನಮೂನೆಯ ಒಂದು ಪ್ರತಿ ಬೋರ್ಡಿನ ಬಾಗಿಲಿನ ಒಳಗೆ ಪ್ಲಾಸ್ಟಿಕ್ ಚೀಲದಲ್ಲಿ, ಇನ್ನೊಂದು ಮನೆಯ ಕಾಗದಪತ್ರಗಳ ಜತೆ ಇರಲಿ. ಬದಲಾವಣೆಯಾದ ದಿನವೇ ಎರಡನ್ನೂ ತಿದ್ದಿ ತಾರೀಖು ಹಾಕಿ. ಅಂಕಿಯ ಅಚ್ಚುಗಳ ಒಂದು ಪೆಟ್ಟಿಗೆಯನ್ನು ಸಂಘದಿಂದ ಕೊಂಡಿದ್ದೇವೆ. ಸದಸ್ಯರು ರಶೀದಿ ಬರೆದುಕೊಟ್ಟು ಒಂದು ವಾರದ ಮಟ್ಟಿಗೆ ಒಯ್ಯಬಹುದು. ಪ್ಲಾಸ್ಟಿಕ್ ಫಲಕ ಬೇಕಾದವರು ಹೆಸರು, ನಂಬರುಗಳನ್ನು ಸ್ಪಷ್ಟ ಅಕ್ಷರದಲ್ಲಿ ಬರೆದು ಕಚೇರಿಗೆ ತಲಪಿಸಿದರೆ ಎಲ್ಲರದನ್ನೂ ಒಟ್ಟಿಗೆ ಕೆತ್ತಿಸಿ ತರಿಸುತ್ತೇವೆ. ಅಡಿಕೆ ಕೊಯ್ಲು ಶುರುವಾಗುವ ಮೊದಲೇ ಬರೆದುಕೊಟ್ಟರೆ ಅನುಕೂಲ. ಆಮೇಲೆ ನಮ್ಮ ಗುಮಾಸ್ತರಿಗೆ ಚೀಲದ ನಂಬರುಗಳೇ ಸಾಕಷ್ಟಿರುತ್ತವೆ.